ಗ್ರಹಣದ ದಿನ ನಾನು ತಿಂದ ಉಪ್ಪಿಟ್ಟು

ನಮಸ್ಕಾರ. ಇವತ್ತು ಒಂದು ತಟ್ಟೆ ಉಪ್ಪಿಟ್ಟಿನಿಂದ ಮಾತು ಶುರು ಮಾಡ್ತೀನಿ.

2019ರ ಡಿಸೆಂಬರ್ 26, ಸೂರ್ಯಗ್ರಹಣ. ಬೆಂಗಳೂರಲ್ಲಿ ಬೆಳಗ್ಗೆ ಎಂಟು ದಾಟಿದ ಮೇಲೆ ಹಿಡೀತು, ಬಿಡೋ ಹೊತ್ತಿಗೆ ಹನ್ನೊಂದು ದಾಟಿತ್ತು. ಹನುಮಂತನಗರದ ನಮ್ಮ ಮನೇಲಿ ಅಮ್ಮ ಹಿಂದಿನ ರಾತ್ರೀನೇ ಎಲ್ಲಾ ಸಿದ್ಧ ಮಾಡಿಟ್ಟಿದ್ರು. ಮೊಸರಿನ ಪಾತ್ರೆ, ಉಪ್ಪಿನಕಾಯಿ ಜಾಡಿ, ಕುಡಿಯೋ ನೀರಿನ ಕೊಡ, ದೋಸೆ ಹಿಟ್ಟು, ಎಲ್ಲದರ ಮೇಲೂ ಒಂದೊಂದು ಎಳೆ ದರ್ಬೆ. ಒಂಬತ್ತೂವರೆ ಹೊತ್ತಿಗೆ ಬಿಸಿಲು ಮಂಕಾಗಿ, ಸಂಜೆ ಥರ ಆಗಿತ್ತು. ನಾನು ಅಡುಗೆಮನೆಗೆ ಹೋಗಿ, ಬಾಣಲೆ ಇಟ್ಟು, ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದೆ. ತಟ್ಟೆ ತಂದು, ಜಪ ಮಾಡ್ತಾ ಕೂತಿದ್ದ ಅಮ್ಮನ ಎದುರಿಗೇ ಕೂತು ತಿಂದೆ. "ನೋಡು, ಏನಾದ್ರೂ ಆಯ್ತಾ ನಂಗೆ?" ಅಂತಾನೂ ಕೇಳಿದೆ.

ಅಮ್ಮ ಉತ್ತರ ಕೊಡಲಿಲ್ಲ. ಕಿಟಕಿ ಕಡೆ ತಿರುಗಿಕೊಂಡ್ರು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿ ಬಂದು, ಕಟ್ಟೆ ಒರೆಸಿ, ನಾನು ತೊಳೆದಿಟ್ಟಿದ್ದ ಆ ಬಾಣಲೇನ ಇನ್ನೊಂದು ಸಲ ತೊಳೆದ್ರು. ನನ್ನ ಮೇಲೆ ರೇಗಲಿಲ್ಲ. ಮಧ್ಯಾಹ್ನ ಊಟಕ್ಕೆ ಎಂದಿನ ಹಾಗೇ ಕರೆದ್ರು.

ವಾದದಲ್ಲಿ ಗೆದ್ದೆ ಅಂದ್ಕೊಂಡಿದ್ದೆ. ಅದನ್ನ ನೆನೆಸಿಕೊಂಡ್ರೆ ಈಗ ಸಂಕಟ ಆಗುತ್ತೆ. ಉಪ್ಪಿಟ್ಟು ತಿಂದಿದ್ದಕ್ಕಲ್ಲ, ಹಸಿವಾದ್ರೆ ಇವತ್ತೂ ತಿಂತೀನಿ. ಅದನ್ನ ಅಮ್ಮನ ಎದುರಿಗೆ ತಂದಿಟ್ಕೊಂಡು ತಿಂದ್ನಲ್ಲ, ಅದಕ್ಕೆ.

ಪ್ರಶ್ನೆ ಕೇಳೋ ಅಭ್ಯಾಸ ನನಗೆ ಬಂದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ. ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳು ನಡೀತವೆ. 1962ರಲ್ಲಿ ಅದನ್ನ ಶುರು ಮಾಡಿದವರು ಎಚ್. ನರಸಿಂಹಯ್ಯನವರು. ಕಾಲೇಜು ದಿನಗಳಲ್ಲಿ ಅವರನ್ನ ದೂರದಿಂದ ನೋಡಿದ್ದೀನಿ, ಖಾದಿ ಬಟ್ಟೆ, ತಲೆ ಮೇಲೆ ಗಾಂಧಿ ಟೋಪಿ. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಬಂದವರು ಕಾಲೇಜಿನ ಹಾಸ್ಟೆಲಿನ ಒಂದು ರೂಮಿನಲ್ಲಿ ಬದುಕು ಕಳೆದ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ವೈಜ್ಞಾನಿಕವಾಗಿ ಪರಿಶೀಲಿಸೋಕೆ ಒಂದು ಸಮಿತಿ ಮಾಡಿದ್ರು. ದೇಶವೆಲ್ಲಾ ಅದರ ಬಗ್ಗೆ ಮಾತಾಡಿತ್ತು.

ಅವರಿಂದ ಕಲಿತೆ ಅಂತ ನಾನು ಹೆಮ್ಮೆ ಪಡ್ತಿದ್ದೆ. ಆದರೆ ಅವರು ಪ್ರಶ್ನೆ ಕೇಳಿದ್ದು ಯಾರನ್ನ? ಪವಾಡ ಮಾಡ್ತೀವಿ ಅಂತ ಹೇಳಿಕೊಂಡು, ಸಾವಿರಾರು ಜನರನ್ನ ಹಿಂದೆ ಕಟ್ಟಿಕೊಂಡವರನ್ನ. ನಾನು ಕೇಳಿದ್ದು ಯಾರನ್ನ? ಮೊಸರಿನ ಪಾತ್ರೆ ಮೇಲೆ ದರ್ಬೆ ಇಟ್ಟ ಅಮ್ಮನನ್ನ. ಎದುರು ಮಾತಾಡದೇ ಇರೋರನ್ನ ಪ್ರಶ್ನೆ ಮಾಡೋಕೆ ಧೈರ್ಯ ಏನೂ ಬೇಕಾಗಿಲ್ಲ.

ಇನ್ನೊಂದು ವಿಷಯ. ನಮ್ಮ ಮನೆಯಿಂದ ನಡೆದು ಹೋಗೋ ದೂರದಲ್ಲಿ ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನ ಇದೆ. ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿಂದ ಒಳಗೆ ಬಂದು ಲಿಂಗ ಮುಟ್ಟುತ್ತೆ, ನಿಮಗೆಲ್ಲಾ ಗೊತ್ತು. ಆಫೀಸಲ್ಲಿ ಕಾಫಿ ಹೊತ್ತಿಗೆ ಆ ಮಾತು ಬಂದಾಗಲೆಲ್ಲಾ ನಾನು ಒಂದು ಲೆಕ್ಕ ಹೇಳ್ತಿದ್ದೆ. ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿ ವಾಪಸ್ ತಿರುಗೋದು ಡಿಸೆಂಬರ್ 21ರ ಸುಮಾರಿಗೆ. ಅಲ್ಲಿಂದ 24 ದಿನಕ್ಕೆ ಸಂಕ್ರಾಂತಿ. ಹಾಗಿದ್ರೆ 24 ದಿನ ಮುಂಚೆ, ಅಂದ್ರೆ ನವೆಂಬರ್ ಕೊನೇಲಿ, ಹೋಗ್ತಾ ಇರೋ ಸೂರ್ಯ ಹೆಚ್ಚೂಕಮ್ಮಿ ಅದೇ ಜಾಗದಲ್ಲೇ ಮುಳುಗಬೇಕು. ಬೆಳಕು ಅವತ್ತೂ ಬೀಳಬೇಕು. ಇದನ್ನ ಅಧ್ಯಯನ ಮಾಡಿದವರೂ ಹಾಗೇ ಬರೆದಿದ್ದಾರೆ. "ನವೆಂಬರಲ್ಲಿ ಯಾಕೆ ಯಾರೂ ಹೋಗಲ್ಲ?" ಅಂತ ಕೇಳಿ, ಎದುರಿಗಿದ್ದವರು ಸುಮ್ಮನಾಗೋದನ್ನ ನೋಡಿ ಖುಷಿ ಪಡ್ತಿದ್ದೆ.

ನವೆಂಬರಲ್ಲಿ ನಾನೂ ಹೋಗಿರಲಿಲ್ಲ. ಒಂದು ಸಲಾನೂ. ಹತ್ತು ನಿಮಿಷದ ದಾರಿ. ಓದಿದ್ದೆ, ಲೆಕ್ಕ ಸರಿ ಅನ್ನಿಸಿತ್ತು, ನಂಬಿಬಿಟ್ಟಿದ್ದೆ. ಅಮ್ಮ ಮಾತ್ರ ಎಷ್ಟೋ ಸಂಕ್ರಾಂತಿ ಆ ನೂಕುನುಗ್ಗಲಲ್ಲಿ ನಿಂತು ಬೆಳಕು ಬೀಳೋದನ್ನ ಕಣ್ಣಾರೆ ನೋಡಿ ಬಂದಿದ್ದಾರೆ.

ಆದರೆ ನಾನು ಒಂದ್ಸಲಾನೂ ಪರೀಕ್ಷೆ ಮಾಡದೇ ಗಟ್ಟಿಯಾಗಿ ಹಿಡ್ಕೊಂಡಿದ್ದ ನಂಬಿಕೆ ಬೇರೇನೇ ಇತ್ತು. ದೇವರನ್ನ ನಂಬೋರು ಯೋಚನೆ ಮಾಡಲ್ಲ ಅನ್ನೋದು.

ಅದು ಮುರಿದಿದ್ದು 2022ರ ಅಕ್ಟೋಬರ್ 25ರಂದು. ದೀಪಾವಳಿ ನಡುವೆ ಬಂದ ಗ್ರಹಣ, ಸಂಜೆ ಐದು ದಾಟಿದ ಮೇಲೆ ಹಿಡಿದು, ಹಿಡಿದಿದ್ದ ಹಾಗೇ ಸೂರ್ಯ ಮುಳುಗಿದ. ನನ್ನ ತಂಗಿ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅಮ್ಮ ಅವಳನ್ನ ಹಾಸಿಗೆ ಮೇಲೆ ಅಲ್ಲಾಡದೇ ಮಲಗಿಸ್ತಾರೆ, ನಾನು ಜಗಳ ಆಡಬೇಕಾಗುತ್ತೆ ಅಂತ ಬೆಳಗ್ಗಿಂದ ಮಾತು ಜೋಡಿಸಿಕೊಂಡಿದ್ದೆ. ಐದೂವರೆಗೆ ಅಡುಗೆಮನೆಯಿಂದ ಅಮ್ಮ ಒಂದು ಬಟ್ಟಲು ಮಜ್ಜಿಗೆ ಅನ್ನ ಕಲಸಿಕೊಂಡು ಬಂದ್ರು. "ತಿನ್ನು. ಮಗು ಹಸ್ಕೊಂಡಿರಬಾರದು."

ನಾನು ಬಾಯಿಬಿಟ್ಟುಕೊಂಡು ನೋಡ್ತಾ ನಿಂತೆ. ರಾತ್ರಿ ಕೇಳಿದೆ. ಆಗ ಹೇಳಿದ್ರು.

1980ರ ಫೆಬ್ರವರಿ 16. ಕಾರವಾರದಿಂದ ರಾಯಚೂರಿನ ತನಕ ಖಗ್ರಾಸ ಗ್ರಹಣ ಆದ ದಿನ. ಬೆಂಗಳೂರಲ್ಲಿ ಪಾರ್ಶ್ವವಾಗಿತ್ತು, ಆದರೂ ಮಧ್ಯಾಹ್ನ ರಸ್ತೆಗಳಲ್ಲಿ ನರಪಿಳ್ಳೆ ಇರಲಿಲ್ಲವಂತೆ. ಅಮ್ಮನಿಗೆ ಆಗ ಇಪ್ಪತ್ತೆರಡು, ನಾನು ಹೊಟ್ಟೆಯಲ್ಲಿ. ಅಜ್ಜಿ ಕಿಟಕಿಗೆಲ್ಲಾ ಕಂಬಳಿ ಕಟ್ಟಿ, ಅಮ್ಮನನ್ನ ಚಾಪೆ ಮೇಲೆ ನೆಟ್ಟಗೆ ಮಲಗಿಸಿದ್ರು. ಮಗ್ಗುಲಾಗಬಾರದು, ಕೆರ್ಕೋಬಾರದು, ಬೆರಳು ಮಡಚಬಾರದು. ಬೆಳಗ್ಗಿಂದ ಒಂದು ಗುಟುಕು ನೀರಿಲ್ಲ. ಗ್ರಹಣ ಬಿಟ್ಟು ಸ್ನಾನಕ್ಕೆ ಎದ್ದಾಗ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದರಂತೆ. "ಬಿದ್ದಾಗ ಹೊಟ್ಟೆ ಹಿಡ್ಕೊಂಡೆ ನೋಡು, ಆವಾಗ್ಲೇ ಅಂದ್ಕೊಂಡೆ, ಇದು ಸರಿಯಿಲ್ಲ ಅಂತ. ನನ್ನ ಮಗಳಿಗೆ, ನನ್ನ ಸೊಸೆಗೆ ಇದನ್ನ ಮಾಡಲ್ಲ ಅಂತ."

"ಅಜ್ಜಿಗೆ ಏನೂ ಹೇಳಲಿಲ್ವಾ?"

"ಅತ್ತೆ ಕೆಟ್ಟವರಲ್ಲ ಕಣೋ. ಅವರ ಎರಡು ಮಕ್ಕಳು ಉಳೀಲಿಲ್ಲ. ನಿನಗೇನಾದ್ರೂ ಆದ್ರೆ ಅಂತ ಹೆದರಿಕೆ ಅವರಿಗೆ. ನಾನು ಮಲಗಿದ್ದಷ್ಟು ಹೊತ್ತೂ ಅವರೂ ಪಕ್ಕದಲ್ಲಿ ನೀರು ಕುಡೀದೇ ಕೂತಿದ್ರು."

"ಹಾಗಾದ್ರೆ ದರ್ಬೆ ಯಾಕೆ ಹಾಕ್ತೀಯ?"

"ದರ್ಬೆಯಿಂದ ಯಾರೂ ತಲೆ ಸುತ್ತಿ ಬಿದ್ದಿಲ್ಲವಲ್ಲ."

ನಲವತ್ತೆರಡು ವರ್ಷ ಒಂದು ಪ್ರಶ್ನೆ ಇಟ್ಟುಕೊಂಡಿದ್ರು ಅಮ್ಮ. ಯಾವುದನ್ನ ಬಿಡಬೇಕು, ಯಾವುದನ್ನ ಇಟ್ಕೋಬೇಕು ಅಂತ ತೂಗಿ ನೋಡಿದ್ರು. ತನ್ನನ್ನ ಮಲಗಿಸಿದವರ ಭಯ ಏನು ಅಂತಾನೂ ಅರ್ಥ ಮಾಡ್ಕೊಂಡಿದ್ರು. ನಾನು ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಹೋಗಿ ಕಲಿಸೋಕೆ ಹೊರಟಿದ್ದು ಇವರಿಗೆ.

ಹಾಗಂತ ಯಾರು ಏನು ನಂಬಿದ್ರೂ ಬಾಯಿ ಮುಚ್ಕೊಂಡಿರಬೇಕು ಅಂತ ನಾನು ಹೇಳ್ತಿಲ್ಲ. ಬಸುರಿಗೆ ನೀರು ಕೊಡದೇ ಮಲಗಿಸಿದ್ರೆ ಇವತ್ತೂ ಜಗಳ ಆಡ್ತೀನಿ. ನಮ್ಮ ರಾಜ್ಯದಲ್ಲಿ 2017ರಲ್ಲಿ ಒಂದು ಕಾನೂನು ಮಾಡಿದ್ರು, 2020ರಲ್ಲಿ ಜಾರಿಗೆ ಬಂತು. ಎಂಜಲೆಲೆ ಮೇಲೆ ಉರುಳೋದು, ಬೆತ್ತಲೆ ಸೇವೆ ಇಂಥದ್ದನ್ನೆಲ್ಲಾ ಅದು ನಿಷೇಧ ಮಾಡುತ್ತೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳನ್ನ ಮುಟ್ಟಲ್ಲ. ನನಗೆ ಈ ಗೆರೆ ಸರಿ ಕಾಣುತ್ತೆ. ಇನ್ನೊಬ್ಬರ ಮೈಗೆ, ಮಾನಕ್ಕೆ ನೋವಾಗೋ ಕಡೆ ದನಿ ಎತ್ತಬೇಕು. ಆಗಲೂ ಎದುರಿಗಿರೋದು ಅಜ್ಜಿ ಥರ ಹೆದರಿರೋ ಒಬ್ಬರಿರಬಹುದು ಅನ್ನೋದು ನೆನಪಿರಬೇಕು. ಇದು ನನಗೆ ಸುಲಭವಾಗಿ ಬರಲ್ಲ. ಮಾತು ಏರಿದಾಗ ಈಗಲೂ ಮರೆತುಹೋಗುತ್ತೆ.

2025ರ ಸೆಪ್ಟೆಂಬರ್ 7ರ ರಾತ್ರಿ, ಚಂದ್ರಗ್ರಹಣ ಇತ್ತಲ್ಲ. ಹತ್ತು ಗಂಟೆ ಸುಮಾರಿಗೆ ಹಿಡೀತು. ಅಮ್ಮ ದರ್ಬೆ ಹಾಕಿದ್ದ ಕೊಡದಿಂದಾನೇ ನೀರು ಬಗ್ಗಿಸಿಕೊಂಡು ಬಿ.ಪಿ. ಮಾತ್ರೆ ನುಂಗಿದ್ರು. ಆಮೇಲೆ ನಿಧಾನಕ್ಕೆ ತಾರಸಿ ಹತ್ತಿ ಬಂದು, ಮೆಟ್ಟಿಲ ಹತ್ತಿರಾನೇ ನಿಂತ್ರು. ಮೋಡ ಸರಿದಾಗೊಮ್ಮೆ ಚಂದ್ರ ಕಾಣೋದು.

"ನೆರಳಿನ ಅಂಚು ನೋಡಮ್ಮ, ದುಂಡಗಿದೆ. ಅದು ಭೂಮಿ ನೆರಳು."

ಅಮ್ಮ ತುಂಬಾ ಹೊತ್ತು ನೋಡಿದ್ರು. "ಹೌದಲ್ಲ. ನೀನು ಇದನ್ನ ಮೊದಲೇ ನೋಡಿದ್ಯಾ?"

"ಇಲ್ಲ. ಇವತ್ತೇ ಮೊದಲು."

ಆಗ ಗವಿಪುರದ ಲೆಕ್ಕಾನೂ ಹೇಳಿದೆ. ಅಷ್ಟು ವರ್ಷ ಆಫೀಸಲ್ಲೆಲ್ಲಾ ಹೇಳಿದ್ದೆ, ಅಮ್ಮನಿಗೆ ಮಾತ್ರ ಹೇಳಿರಲಿಲ್ಲ. ನವೆಂಬರ್ ಕೊನೆಗೆ ಹೋಗಿ ನೋಡ್ತೀನಿ ಅಂದೆ.

"ನಾನೂ ಬರ್ತೀನಿ," ಅಂದ್ರು. "ಬೆಳಕು ಬೀಳದೇ ಇದ್ರೆ?"

"ನಾನು ಇಷ್ಟು ವರ್ಷ ತಪ್ಪು ಹೇಳ್ಕೊಂಡು ಓಡಾಡಿದ್ದೆ ಅಂತಾಗುತ್ತೆ. ಬಿದ್ರೆ ನೀನೇನ್ ಮಾಡ್ತೀಯ?"

"ಬಿದ್ರೆ ಇನ್ಮೇಲೆ ವರ್ಷಕ್ಕೆ ಎರಡು ಸಲ ಹೋಗ್ತೀನಿ."