ಟ್ಯಾಂಕ್ ದೊಡ್ಡದಾಯಿತು, ನೀರಗಂಟಿ ಒಬ್ಬನೇ

ಹಳ್ಳಿಗೆ ಹೊಸ ನೀರಿನ ಯೋಜನೆ ಬರುತ್ತದೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ದೊಡ್ಡದು? ಟ್ಯಾಂಕ್ ಎಷ್ಟು ಲಕ್ಷ ಲೀಟರಿನದು, ಪೈಪು ಎಷ್ಟು ಇಂಚಿನದು? ದೊಡ್ಡದಿದ್ದರೆ ಒಳ್ಳೆಯದು ಅಂತ ಮನಸ್ಸಿನಲ್ಲಿ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ. ನನ್ನ ತಕರಾರು ಶುರುವಾಗುವುದೇ ಅಲ್ಲಿ. ಚಿಕ್ಕ ಊರಿಗೆ ದೊಡ್ಡ ಪೈಪು ಹಾಕಿದರೆ ದುಡ್ಡು ದಂಡವಾಗುವುದಷ್ಟೇ ಅಲ್ಲ, ನೀರೂ ಕೆಡುತ್ತದೆ, ಒಳಚರಂಡಿಯೂ ಕಟ್ಟಿಕೊಳ್ಳುತ್ತದೆ.

ಹೇಗೆ ಅಂತೀರಾ? ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. 100 ಮಿಲಿಮೀಟರ್ ಅಗಲದ, 1 ಕಿಲೋಮೀಟರ್ ಉದ್ದದ ಪೈಪಿನೊಳಗೆ ಸುಮಾರು 7,850 ಲೀಟರ್ ನೀರು ಹಿಡಿಯುತ್ತದೆ. ಅಗಲವನ್ನು 200 ಮಿಲಿಮೀಟರ್ ಮಾಡಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 31,400 ಲೀಟರ್. ಈಗ ಆ ಬೀದಿಯಲ್ಲಿ 50 ಮನೆ ಇವೆ, ಒಂದೊಂದು ಮನೆಗೂ ದಿನಕ್ಕೆ 400 ಲೀಟರ್ ಬೇಕು ಅಂದುಕೊಳ್ಳಿ. ಒಟ್ಟು 20,000. ಸಣ್ಣ ಪೈಪಿನ ನೀರು ದಿನಕ್ಕೆ ಎರಡೂವರೆ ಸಲ ಹೊಸದಾಗುತ್ತದೆ. ದೊಡ್ಡದರಲ್ಲಿ ಒಂದು ಸಲ ಬದಲಾಗಲು ಒಂದೂವರೆ ದಿನ ಹಿಡಿಯುತ್ತದೆ.

ಆ ಒಂದೂವರೆ ದಿನ, ರೋಗಾಣು ಸಾಯಲಿ ಅಂತ ನೀರಿಗೆ ಹಾಕಿದ ಕ್ಲೋರಿನ್ ಸುಮ್ನೆ ಕೂತಿರುವುದಿಲ್ಲ. ಗಂಟೆ ಗಂಟೆಗೂ ಇಳಿಯುತ್ತಾ ಹೋಗುತ್ತದೆ. ಮನೆಯ ನಲ್ಲಿಗೆ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ಯಾಂಕಿನ ಹತ್ತಿರದ ಮನೆಗೆ ಅದು ಸಿಗುತ್ತದೆ. ಊರ ಕೊನೆಯ ಮನೆಗೆ? ಅಲ್ಲಿ ಯಾರಾದರೂ ಪರೀಕ್ಷೆ ಮಾಡಿದರೆ ತಾನೇ ಗೊತ್ತಾಗುವುದು.

ಒಳಚರಂಡಿಯ ಕಥೆ ಇನ್ನೂ ಫಜೀತಿ. ನೀರಿನ ಪೈಪಿನಲ್ಲಿ ಹಿಂದಿನಿಂದ ಒತ್ತಡ ಇರುತ್ತದೆ. ಒಳಚರಂಡಿಯಲ್ಲಿ ತಳ್ಳುವವರು ಯಾರೂ ಇಲ್ಲ, ಇಳಿಜಾರೇ ಗತಿ. ಹೊಲಸು ತಳದಲ್ಲಿ ಕೂರದೆ ಸಾಗಬೇಕಾದರೆ ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಬೇಕು ಅನ್ನುವುದು ಎಂಜಿನಿಯರುಗಳ ಹಳೆಯ ಲೆಕ್ಕ. ಅದಕ್ಕೆ 200 ಮಿಲಿಮೀಟರ್ ಪೈಪಿಗೆ ಸುಮಾರು 250 ಮೀಟರಿಗೆ 1 ಮೀಟರಿನಂತೆ ಇಳಿಜಾರು ಕೊಡುತ್ತಾರೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ 4 ಮೀಟರ್ ಕೆಳಗೆ. ನೆಲ ಸಮತಟ್ಟಾಗಿದ್ದರೆ ಒಂದೋ ಆಳಕ್ಕೆ ಅಗೆಯಬೇಕು, ಇಲ್ಲವೇ ನಡುವೆ ಪಂಪ್ ಇಟ್ಟು ಮೇಲೆತ್ತಬೇಕು. ಪಂಪ್ ಇಟ್ಟರೆ ಕರೆಂಟ್ ಬಿಲ್ಲು, ರಿಪೇರಿ, ಕಾವಲು. ಮನೆಗಳು ದೂರ ದೂರ ಇರುವ ಊರಿನಲ್ಲಿ ಇದನ್ನೆಲ್ಲ ಹೊರುವವರು ಕೈಬೆರಳೆಣಿಕೆಯಷ್ಟು ಜನ.

ಅದೂ ಇರಲಿ. ಇಳಿಜಾರು ಸರಿಯಾಗಿಯೇ ಕೊಟ್ಟರು ಅಂತಿಟ್ಟುಕೊಳ್ಳಿ. ಆ ಲೆಕ್ಕ ಹಾಕಿರುವುದು ಪೈಪು ಅರ್ಧವಾದರೂ ತುಂಬಿ ಹರಿಯುತ್ತದೆ ಅಂತ. ಮನೆ ಕಡಿಮೆ ಇದ್ದರೆ ತಳದಲ್ಲಿ ಬೆರಳುದ್ದ ನೀರು ತೆವಳುತ್ತದೆ. ಗಟ್ಟಿ ಹೊಲಸು ಅಲ್ಲೇ ಕೂತು ಕೊಳೆಯುತ್ತದೆ. ಕೊಳೆತಾಗ ಬರುವುದು ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆ ವಾಸನೆಯ ಗ್ಯಾಸು. ಪೈಪಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲ ಮಾಡುತ್ತವೆ, ಆ ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಮ್ಯಾನ್‌ಹೋಲ್‌ಗೆ ಇಳಿದವರ ಜೀವ ತೆಗೆಯುವ ಗ್ಯಾಸುಗಳಲ್ಲಿ ಇದೂ ಒಂದು. ಜಾಸ್ತಿ ಇದ್ದಾಗ ಇದರ ವಾಸನೆಯೇ ಗೊತ್ತಾಗುವುದಿಲ್ಲ, ಮೂಗು ಮರಗಟ್ಟಿರುತ್ತದೆ. ನಕ್ಷೆಯ ಮೇಲೆ ಪೈಪಿನ ಅಗಲ ಬರೆದವರಿಗೆ ಆ ಗುಂಡಿಗೆ ಇಳಿಯುವ ಪ್ರಸಂಗ ಬರುವುದಿಲ್ಲ, ಅಲ್ವಾ?

ಇದಕ್ಕೆ ಒಂದು ಉತ್ತರ ಯಾವಾಗಲೂ ತಯಾರಿರುತ್ತದೆ. ಊರು ಬೆಳೆಯುತ್ತದೆ, 30 ವರ್ಷದ ಮುಂದಿನದನ್ನು ನೋಡಬೇಕು ಅಂತ. ಕೆಲವು ಊರು ಬೆಳೆಯುತ್ತವೆ, ಒಪ್ಪುತ್ತೇನೆ. ಆದರೆ ಪಂಪು ಹೇಗಿದ್ದರೂ 10-15 ವರ್ಷಕ್ಕೆ ಬದಲಾಗುವ ವಸ್ತು. ಇವತ್ತೇ 30 ವರ್ಷದ ಮೋಟಾರು ಯಾಕೆ? ಜಾಗ ಬಿಟ್ಟುಕೊಳ್ಳಿ. ಊರು ನಿಜವಾಗಿ ಬೆಳೆದ ದಿನ ಪಕ್ಕದಲ್ಲಿ ಇನ್ನೊಂದು ಪೈಪು ಎಳೆಯಿರಿ. ಬೆಂಕಿ ಬಿದ್ದರೆ ಜಾಸ್ತಿ ನೀರು ಬೇಕಲ್ಲ ಅನ್ನುವ ಮಾತಿನಲ್ಲಿ ಹುರುಳಿದೆ. ಅದಕ್ಕೆ ಬೇರೆ ತೊಟ್ಟಿ ಕಟ್ಟುವುದು ಒಳ್ಳೆಯದು. ಕುಡಿಯುವ ನೀರನ್ನೆಲ್ಲ ಬೆಂಕಿಯ ಹೆಸರಿನಲ್ಲಿ ಹಳಸಲು ಮಾಡುವುದು ಬೇಡ.

ಚಿಕ್ಕದಾಗಿ ಮಾಡುವ ದಾರಿಗಳು ಹೊಸವೇನಲ್ಲ. ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಸಣ್ಣ ಊರುಗಳಲ್ಲಿ 1960ರ ದಶಕದಿಂದಲೂ ಒಂದು ಪದ್ಧತಿ ಇದೆ. ಮನೆ ಮನೆಗೂ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಗಟ್ಟಿ ಹೊಲಸು ಅಲ್ಲೇ ಉಳಿಯುತ್ತದೆ, ತಿಳಿ ನೀರು ಮಾತ್ರ ಸಣ್ಣ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಕೂರುವ ಹೊಲಸೇ ಇಲ್ಲದಿದ್ದರೆ ಅಷ್ಟು ಇಳಿಜಾರೂ ಬೇಡ, ಅಷ್ಟು ಆಳವೂ ಬೇಡ. ಟ್ಯಾಂಕನ್ನು ಕೆಲವು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ಅದೊಂದು ಜವಾಬ್ದಾರಿ. ಬ್ರೆಜಿಲ್‌ನ ನಟಾಲ್ ನಗರದಲ್ಲಿ 1980ರ ದಶಕದಲ್ಲಿ ಎಂಜಿನಿಯರುಗಳು ಪೈಪನ್ನು ರಸ್ತೆಯ ನಡುವೆ ಆಳವಾಗಿ ಹಾಕುವುದು ಬಿಟ್ಟು, ಮನೆಗಳ ಹಿತ್ತಲಿನಲ್ಲಿ ಕಡಿಮೆ ಆಳದಲ್ಲಿ ಹಾಕಿದರು. ಹಿತ್ತಲಿನಲ್ಲಿ ಲಾರಿ ಓಡುವುದಿಲ್ಲ, ಆಳ ಯಾಕೆ ಬೇಕು ಅನ್ನುವ ಸರಳ ಲೆಕ್ಕ. ಇನ್ನು ಚರಂಡಿ ನೀರಿನ ಶುದ್ಧೀಕರಣಕ್ಕೆ ಹೊಂಡಗಳ ಸಾಲು ಸಾಕಾಗುತ್ತದೆ. ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ಕೆಲಸ ಮಾಡುತ್ತವೆ, ಮೋಟಾರು ಬೇಡ. ಜಾಗ ಮಾತ್ರ ಜಾಸ್ತಿ ಬೇಕು. ನಗರದಲ್ಲಿ ಇಲ್ಲದ್ದು, ಹಳ್ಳಿಯಲ್ಲಿ ಸಿಗಬಹುದಾದದ್ದು ಅದೇ ತಾನೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆಯನ್ನು ಮೇಲಿನವರು ಕೊಡಿಸಿ ಹೋಗುತ್ತಾರೆ. ಒಗೆದು, ಹೊಲಿದು ಇಟ್ಟುಕೊಳ್ಳಬೇಕಾದವರು ಊರಿನವರು. ಕಟ್ಟುವುದಕ್ಕೆ ಅನುದಾನ ಇರುತ್ತದೆ, ನಡೆಸುವುದಕ್ಕೆ ಇರುವುದಿಲ್ಲ. ಆ ಭಾರವೆಲ್ಲ ಬಂದು ಕೂರುವುದು ಕೊನೆಗೆ ಒಬ್ಬ ನೀರಗಂಟಿಯ ಹೆಗಲ ಮೇಲೆ.

ಕೆನಡಾದ ವಾಕರ್ಟನ್ ಅನ್ನುವ ಊರನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ಐದು ಸಾವಿರ ಜನವೂ ಇಲ್ಲದ ಊರು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಗೆ ಪಕ್ಕದ ಜಮೀನಿನ ಸಗಣಿ ಗೊಬ್ಬರದ ಸೋಂಕು ಊರಿನ ಬಾವಿಗೆ ಇಳಿಯಿತು. ಏಳು ಜನ ಸತ್ತರು, 2,300ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ನೀರು ನೋಡಿಕೊಳ್ಳುತ್ತಿದ್ದ ಇಬ್ಬರು ಕ್ಲೋರಿನ್ ಕಡಿಮೆ ಹಾಕಿ, ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಅವರ ಹತ್ತಿರ ಸರ್ಟಿಫಿಕೇಟ್ ಇತ್ತು, ಆದರೆ ಪರೀಕ್ಷೆ ಬರೆದು ಪಡೆದದ್ದಲ್ಲ. ಅವರೂ ಕ್ಲೋರಿನ್ ಹಾಕದ ಅದೇ ನೀರನ್ನು ಕುಡಿಯುತ್ತಿದ್ದರು, ಒಳ್ಳೆಯ ನೀರು ಅಂತ ನಂಬಿದ್ದರು. ನನಗೆ ಅವರು ಮಾಡಿದ ತಪ್ಪಿಗಿಂತ ಆ ನಂಬಿಕೆಯೇ ಹೆಚ್ಚು ಕಾಡುತ್ತದೆ. ವಿಚಾರಣೆ ನಡೆಸಿದ ನ್ಯಾಯಾಧೀಶ ಡೆನಿಸ್ ಓಕಾನರ್ ಅವರ ವರದಿಯಲ್ಲಿ ಒಂದು ಮಾತಿದೆ. ಆ ಬಾವಿಯ ಬಳಿ ಕ್ಲೋರಿನ್ನನ್ನೂ ನೀರಿನ ಕದಡನ್ನೂ ಬಿಡದೆ ಅಳೆಯುವ ಯಂತ್ರಗಳು ಇದ್ದಿದ್ದರೆ ಇದು ತಪ್ಪುತ್ತಿತ್ತು ಅಂತ. ಹೊಸ ಟ್ಯಾಂಕಿನ ಮಾತೇ ಅಲ್ಲಿಲ್ಲ.

ನಿಮ್ಮ ಊರಿನಲ್ಲಿ ಮುಂದಿನ ಸಲ ಯೋಜನೆಯ ನಕ್ಷೆ ಬಿಚ್ಚಿ ತೋರಿಸಿದಾಗ ಟ್ಯಾಂಕಿನ ಅಳತೆ ಕೇಳಬೇಡಿ. ನೀರಗಂಟಿಗೆ ತರಬೇತಿ ಕೊಡುವವರು ಯಾರು, ಅವನು ಹುಷಾರು ತಪ್ಪಿದ ದಿನ ನೀರು ಬಿಡುವವರು ಯಾರು, ಭಾನುವಾರ ರಾತ್ರಿ ಮೋಟಾರು ಸುಟ್ಟರೆ ಇನ್ನೊಂದು ಎಲ್ಲಿದೆ ಅಂತ ಕೇಳಿ. ಉತ್ತರ ಬರುವವರೆಗೆ ಕೂತೇ ಇರಿ.