ಫಾಸ್ಟ್ ಕಾರ್: ಒಂದೇ ಹಾಡು, ಎರಡು ಓಟ

ನೀವು ಸುಮ್ನೆ ರಸ್ತೆ ನೋಡುತ್ತಾ ಇರಿ, ನಾನು ಒಂದು ಹಾಡಿನ ಕಥೆ ಹೇಳುತ್ತೇನೆ.

ಹಾಡು ‘ಫಾಸ್ಟ್ ಕಾರ್’. 2023ರಲ್ಲಿ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿ ಸೊಗಡಿನ ಸಂಗೀತ) ಗಾಯಕ ಲ್ಯೂಕ್ ಕೋಂಬ್ಸ್ ಹಾಡಿ ದೊಡ್ಡ ಹಿಟ್ ಮಾಡಿದರು. ಆದರೆ ಹಾಡು ಅವರದ್ದಲ್ಲ. ಬರೆದು ಮೊದಲು ಹಾಡಿದ್ದು ಕಪ್ಪು ಗಾಯಕಿ ಟ್ರೇಸಿ ಚಾಪ್‌ಮನ್, 1988ರಲ್ಲಿ.

ಆ ವರ್ಷದ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ. ಹೆಸರಾಂತ ಗಾಯಕ ಸ್ಟೀವಿ ವಂಡರ್ ಇನ್ನೇನು ವೇದಿಕೆ ಹತ್ತಬೇಕು, ನೋಡಿದರೆ ಅವರ ಕೀಬೋರ್ಡಿನ ಹಾರ್ಡ್ ಡಿಸ್ಕೇ ನಾಪತ್ತೆ! ಆಗಲೇ ಒಮ್ಮೆ ಹಾಡಿ ಇಳಿದಿದ್ದ ಚಾಪ್‌ಮನ್ ಅವರನ್ನೇ ಮತ್ತೆ ಹತ್ತಿಸಿದರು. ಅಷ್ಟು ದೊಡ್ಡ ಜನಸಾಗರದ ಮುಂದೆ ಒಬ್ಬರೇ, ಕೈಯಲ್ಲೊಂದು ಗಿಟಾರ್. ಎಷ್ಟೋ ದೇಶಗಳಲ್ಲಿ ಜನ ಟಿವಿಯಲ್ಲಿ ನೋಡುತ್ತಿದ್ದರು. ಆಗಸ್ಟ್ ಹೊತ್ತಿಗೆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಬಂದಿತ್ತು.

ಕೋಂಬ್ಸ್ ಈ ಹಾಡನ್ನು ಚಿಕ್ಕವರಿದ್ದಾಗ ಅಪ್ಪನ ಟ್ರಕ್ಕಿನಲ್ಲಿ ಕೇಳಿದ್ದರಂತೆ. ಅವರು ಮಾಡಿದ್ದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಒಂದು. ಹಾಡಿನಲ್ಲಿ ಮಾತಾಡುವವಳು ಅಂಗಡಿಯ ಬಿಲ್ ಕೌಂಟರ್‌ನಲ್ಲಿ ಕೆಲಸ ಮಾಡುವ ಹುಡುಗಿ. ಈ ಗಡ್ಡದ ಗಂಡಸು ಹಾಡುವಾಗಲೂ ಅವಳು ಹುಡುಗಿಯೇ. ಸಾಲನ್ನು ತಿದ್ದಲಿಲ್ಲ.

ಇವರ ಹಾಡು ಹಾಟ್ 100ರಲ್ಲಿ 2ನೇ ಸ್ಥಾನದವರೆಗೆ ಹೋಯಿತು. ಮೇಲೆ ಮಾರ್ಗನ್ ವಾಲೆನ್ ಅವರ ‘ಲಾಸ್ಟ್ ನೈಟ್’ ಗಟ್ಟಿಯಾಗಿ ಕೂತಿತ್ತು. ಅದು ಒಟ್ಟು 16 ವಾರ ಮೊದಲ ಸ್ಥಾನದಲ್ಲಿದ್ದ ಹಾಡು, ಏನು ಮಾಡೋಕಾಗುತ್ತೆ?

ನನಗೆ ಕುತೂಹಲ ಇರುವುದು ಇನ್ನೊಂದು ಪಟ್ಟಿಯ ಮೇಲೆ, ಕಂಟ್ರಿ ಏರ್‌ಪ್ಲೇ. ಹಾಟ್ 100ಕ್ಕೆ ಸ್ಟ್ರೀಮಿಂಗ್, ಮಾರಾಟ, ರೇಡಿಯೋ ಎಲ್ಲವೂ ಲೆಕ್ಕ. ಏರ್‌ಪ್ಲೇಗೆ ಕಂಟ್ರಿ ರೇಡಿಯೋ ಸ್ಟೇಷನ್‌ಗಳು ಹಾಕಿದ್ದಷ್ಟೇ ಲೆಕ್ಕ. ಅಂದರೆ ಸ್ಟೇಷನ್‌ನವರು ಮನಸ್ಸು ಮಾಡಬೇಕು. ಜುಲೈ 2023ರಲ್ಲಿ ‘ಫಾಸ್ಟ್ ಕಾರ್’ ಅಲ್ಲಿ 1ನೇ ಸ್ಥಾನಕ್ಕೆ ಏರಿತು. ಕಪ್ಪು ಮಹಿಳೆಯೊಬ್ಬರು ತಾವೊಬ್ಬರೇ ಬರೆದ ಹಾಡು ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಅದೂ ಬಿಳಿಯ ಗಾಯಕ ಹಾಡಿದ ಮೇಲೆ. ಖುಷಿಪಡಬೇಕೋ ಬೇಸರಪಡಬೇಕೋ, ನೀವೇ ಹೇಳಿ.

ನವೆಂಬರ್‌ನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿಯೂ, ಅದು ಹಾಡು ಬರೆದವರಿಗೆ ಸಿಗುವುದಾದ್ದರಿಂದ, ಚಾಪ್‌ಮನ್ ಅವರಿಗೇ ಬಂತು. ಫೆಬ್ರವರಿ 2024ರಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಸೇರಿ ಹಾಡಿದರು. ಕೋಂಬ್ಸ್ ಮುಖ ನೋಡಬೇಕಿತ್ತು, ಹಾಡುವುದಕ್ಕಿಂತ ಚಾಪ್‌ಮನ್ ಅವರನ್ನು ನೋಡುವುದೇ ಜಾಸ್ತಿ! ಅದಾದ ಮೇಲೆ 1988ರ ಮೂಲ ರೆಕಾರ್ಡಿಂಗ್ ಆನ್‌ಲೈನ್‌ನಲ್ಲಿ ಹಾಡು ಮಾರುವ ಐಟ್ಯೂನ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಾಟ್ 100ಕ್ಕೂ ಮರಳಿತು, 42ನೇ ಸ್ಥಾನಕ್ಕೆ. ಈ ಸಲ ಸ್ಟೇಷನ್‌ನವರು ಮನಸ್ಸು ಮಾಡಲಿ ಅಂತ ಯಾರೂ ಕಾಯಲಿಲ್ಲ. ಜನ ತಾವೇ ಹುಡುಕಿಕೊಂಡು ಹೋಗಿ ಕೇಳಿದರು.