ಒಂದು ಗಂಟೆ ಅಂದರೆ ಒಂದು ಗಂಟೆ: ಹಳೆಯ ಗೇಮ್‌ಗಳನ್ನು ಮತ್ತೆ ಆಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಹಳೆಯ ಗೇಮನ್ನು ಮತ್ತೆ ಆಡುವುದಾದರೆ ಅದು ಹಾಕಿದ ಷರತ್ತಿನ ಮೇಲೆಯೇ ಆಡಿ. ಹಳೆಯ ಗೇಮ್‌ಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಓಡಿಸುವ ಎಮ್ಯುಲೇಟರ್‌ನಲ್ಲಿ ಸೇವ್ ಸ್ಟೇಟ್ ಇರುತ್ತದೆ, ಅಂದರೆ ಆಟವನ್ನು ಯಾವ ಕ್ಷಣದಲ್ಲಾದರೂ ಹಾಗೇ ಉಳಿಸಿ ಮತ್ತೆ ಅಲ್ಲಿಗೇ ಬರಬಹುದು, ಆಟವನ್ನು ಹಿಂದಕ್ಕೆ ತಿರುಗಿಸುವ ರಿವೈಂಡ್ ಬಟನ್ ಇರುತ್ತದೆ, ಸತ್ತ ತಕ್ಷಣ ಬೆರಳು ಅದರ ಕಡೆಗೇ ಹೋಗುತ್ತದೆ. ಮೊದಲ ಕೆಲವು ಸಲವಾದರೂ ಅದನ್ನು ಮುಟ್ಟಬೇಡಿ. ಯಾಕೆ ಅಂತ ಒಂದೇ ಗೇಮ್ ಇಟ್ಟುಕೊಂಡು ಹೇಳುತ್ತೇನೆ, ಯಾಕಂದರೆ ನಾನು ವರ್ಷಗಳಿಂದ ಮತ್ತೆ ಮತ್ತೆ ಆಡುತ್ತಿರುವುದು ಅದನ್ನೇ.

ಪ್ರಿನ್ಸ್ ಆಫ್ ಪರ್ಷಿಯಾ. ಅಮೆರಿಕದ ಜೋರ್ಡನ್ ಮೆಕ್ನರ್ ಕಾಲೇಜು ಮುಗಿಸಿದ ಹೊಸತರಲ್ಲಿ ಶುರು ಮಾಡಿ ನಾಲ್ಕು ವರ್ಷ ಕೂತು ಮಾಡಿದ ಗೇಮ್ ಇದು. 1989ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಬಂತು, ಮುಂದಿನ ವರ್ಷ ಆಗಿನ ಪಿಸಿಗಳಲ್ಲಿದ್ದ ಡಾಸ್‌ಗೆ ಬಂತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಇದೂ ಗೊತ್ತಿರುತ್ತದೆ, ಡೇಂಜರಸ್ ಡೇವ್ ಅನ್ನುವ ಗೇಮ್ ಕೂಡ ಗೊತ್ತಿರುತ್ತದೆ. ನಾನು ಆಡಿದ್ದು ಕಪ್ಪು-ಬಿಳುಪು ಮಾನಿಟರ್‌ನಲ್ಲಿ. ಜೀವ ಕೊಡುವ ಕೆಂಪು ಔಷಧಿ ಯಾವುದು, ಜೀವ ತೆಗೆಯುವ ನೀಲಿ ಔಷಧಿ ಯಾವುದು ಅಂತ ಅದರಲ್ಲಿ ತಿಳಿಯುತ್ತಿರಲಿಲ್ಲ, ಯಾವ ಕೋಣೆಯಲ್ಲಿ ಯಾವುದಿದೆ ಅಂತ ನೆನಪಿಟ್ಟುಕೊಂಡೇ ಕುಡಿಯಬೇಕಿತ್ತು.

ಕಥೆ ಚಿಕ್ಕದು. ಮಂತ್ರಿ ಜಾಫರ್ ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಡುತ್ತಾನೆ. ನನ್ನನ್ನು ಮದುವೆಯಾಗು, ಇಲ್ಲ ಸಾಯಿ. ನಾವು ನೆಲಮಾಳಿಗೆಯ ಸೆರೆಮನೆಯಲ್ಲಿ ಬಿದ್ದಿರುತ್ತೇವೆ, ಕೈಯಲ್ಲಿ ಕತ್ತಿ ಕೂಡ ಇಲ್ಲ. ಆ ಒಂದು ಗಂಟೆ ಕಥೆಯೊಳಗಿನ ಗಂಟೆ ಅಲ್ಲ, ನಿಜವಾದ ಅರವತ್ತು ನಿಮಿಷ. ಎಷ್ಟು ಸಲ ಬೇಕಾದರೂ ಸಾಯಬಹುದು. ಸತ್ತರೆ ಆ ಲೆವೆಲ್‌ನ ಶುರುವಿಗೆ ಬರುತ್ತೀರಿ, ಆದರೆ ಗಡಿಯಾರ ಮಾತ್ರ ಹಿಂದಕ್ಕೆ ಬರುವುದಿಲ್ಲ. ಡಾಸ್ ಆವೃತ್ತಿಯಲ್ಲಿ ಮೂರನೇ ಲೆವೆಲ್‌ನಿಂದ ಕಂಟ್ರೋಲ್ ಜಿ ಒತ್ತಿ ಸೇವ್ ಮಾಡಬಹುದಿತ್ತು. ಅದು ಕೂಡ ಉಳಿದ ಸಮಯದ ಸಮೇತ ಸೇವ್ ಆಗುತ್ತಿತ್ತು. ಮೊದಲ ಎರಡು ಲೆವೆಲ್‌ನಲ್ಲಿ ಇಪ್ಪತ್ತು ನಿಮಿಷ ಹಾಳು ಮಾಡಿ ಸೇವ್ ಮಾಡಿದರೆ ನಾಳೆ ಬಂದಾಗಲೂ ಆ ಇಪ್ಪತ್ತು ನಿಮಿಷ ಹಾಳೇ.

ಈಗ ಇದಕ್ಕೆ ಎಮ್ಯುಲೇಟರ್‌ನ ಸೇವ್ ಸ್ಟೇಟ್ ಸೇರಿಸಿ ನೋಡಿ. ಪ್ರತಿ ಜಿಗಿತಕ್ಕೂ ಮೊದಲು ಒಂದು ಸೇವ್. ತಪ್ಪಿದರೆ ಅರ್ಧ ಸೆಕೆಂಡಿನಲ್ಲಿ ವಾಪಸ್, ಗಡಿಯಾರವೂ ವಾಪಸ್. ಹನ್ನೆರಡು ಲೆವೆಲ್ ದಾಟಿ ರಾಜಕುಮಾರಿಯ ಹತ್ತಿರ ಹೋಗುತ್ತೀರಿ ನಿಜ, ಆದರೆ ಯಾವ ಗಡುವನ್ನು ಗೆದ್ದಿರಿ? ಈ ಗೇಮ್‌ನಲ್ಲಿ ನಿಜವಾದ ಎದುರಾಳಿ ಜಾಫರ್ ಅಲ್ಲ, ಆ ಗಡಿಯಾರ. ಅದನ್ನೇ ತೆಗೆದುಬಿಟ್ಟ ಮೇಲೆ ಉಳಿಯುವುದು ಚಂದದ ಚಿತ್ರಗಳಷ್ಟೇ.

ಇಲ್ಲಿ ಇನ್ನೊಂದು ವಿಷಯ ಇದೆ, ನನಗೆ ಇದೇ ಮುಖ್ಯ. ಏನೂ ಗೊತ್ತಿಲ್ಲದೆ ಮೊದಲ ಸಲ ಆಡುವವರು ಒಂದು ಗಂಟೆಯಲ್ಲಿ ಮುಗಿಸುವುದು ಆಗದ ಮಾತು. ಯಾವ ಬಾಗಿಲು ಯಾವ ಕಲ್ಲು ತುಳಿದರೆ ತೆರೆಯುತ್ತದೆ, ಯಾವ ನೆಲ ಕುಸಿಯುತ್ತದೆ, ಮೂರನೇ ಲೆವೆಲ್‌ನಲ್ಲಿ ಸುಮ್ನೆ ಬಿದ್ದಿರುವ ಅಸ್ಥಿಪಂಜರ ಯಾವಾಗ ಎದ್ದು ಬರುತ್ತದೆ, ಇದೆಲ್ಲ ಸತ್ತು ಸತ್ತೇ ಕಲಿಯಬೇಕು. ಕಲಿತದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಮತ್ತೆ ಮೊದಲಿನಿಂದ ಹೊರಟಾಗ ಮಾತ್ರ ಆ ಒಂದು ಗಂಟೆ ಸಾಕಾಗುತ್ತದೆ. ಅಂದರೆ ಮತ್ತೆ ಆಡುವುದು ಅನ್ನುವುದೇ ಇದರ ವಿನ್ಯಾಸ. ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗದ ಕಥೆ ಮೊದಲೇ ಗೊತ್ತು, ಆದರೂ ಇಡೀ ರಾತ್ರಿ ಕೂರುತ್ತಾರೆ ಅಲ್ವಾ, ಇವತ್ತಿನ ವೇಷಧಾರಿ ಆ ಜಾಗದಲ್ಲಿ ಏನು ಮಾಡುತ್ತಾನೆ ನೋಡೋಣ ಅಂತ. ನನಗೂ ಈ ಗೇಮ್‌ನ ಕಥೆ ಗೊತ್ತು, ದಾರಿ ಗೊತ್ತು. ಇವತ್ತು ಮೊದಲ ಲೆವೆಲ್ ಎಷ್ಟು ಹೊತ್ತಿನಲ್ಲಿ ದಾಟುತ್ತೇನೆ ಅನ್ನುವುದು ಮಾತ್ರ ಗೊತ್ತಿಲ್ಲ.

ಹೊಸಬರು ಇದನ್ನು ಆಡಿದ ತಕ್ಷಣ ಒಂದು ದೂರು ಹೇಳುತ್ತಾರೆ. ಕಂಟ್ರೋಲ್ ನಿಧಾನ ಅಂತ. ಬಟನ್ ಒತ್ತಿದರೆ ತಕ್ಷಣ ನಿಲ್ಲುವುದಿಲ್ಲ, ಓಡುತ್ತಿದ್ದವನು ಜಾರಿ ನಿಲ್ಲುತ್ತಾನೆ, ತಿರುಗಬೇಕಾದರೆ ಒಂದು ಹೆಜ್ಜೆ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಮೆಕ್ನರ್ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಒಂದೊಂದು ಫ್ರೇಮ್ ನೋಡಿಕೊಂಡು ಆ ರಾಜಕುಮಾರನನ್ನು ಬಿಡಿಸಿದರು. ಕತ್ತಿ ಕಾಳಗಕ್ಕೆ 1938ರ ರಾಬಿನ್ ಹುಡ್ ಸಿನಿಮಾದ ಫ್ರೇಮ್‌ಗಳನ್ನು ನೋಡಿಕೊಂಡರು. ಹಾಗಾಗಿ ಅವನಿಗೆ ಮನುಷ್ಯನ ಮೈಭಾರ ಇದೆ. 1985ರ ಸೂಪರ್ ಮಾರಿಯೋದಲ್ಲಿ ಗಾಳಿಯಲ್ಲಿರುವಾಗಲೂ ಎಡಕ್ಕೋ ಬಲಕ್ಕೋ ಎಳೆದುಕೊಳ್ಳಬಹುದು, ಅದು ಅದರ ಸುಖ. ಇಲ್ಲಿ ನೆಲ ಬಿಟ್ಟ ಮೇಲೆ ಮುಗಿಯಿತು, ನಿರ್ಧಾರ ಜಿಗಿಯುವ ಮೊದಲೇ ಆಗಿರಬೇಕು. ಅದಕ್ಕೇ ಶಿಫ್ಟ್ ಒತ್ತಿ ಅಂಚಿನವರೆಗೂ ಒಂದೊಂದೇ ಹೆಜ್ಜೆ ಇಡುವ ಅನುಕೂಲ ಕೊಟ್ಟಿದ್ದಾರೆ. ಹಾಗೆ ಇಟ್ಟರೆ ಸುರಕ್ಷಿತ, ಆದರೆ ಗಡಿಯಾರ ಓಡುತ್ತಿರುತ್ತದೆ. ನಿಧಾನ ಹೋಗಿ ಬದುಕಬೇಕೋ, ಓಡಿ ಸಮಯ ಉಳಿಸಬೇಕೋ? ಇಡೀ ಗೇಮ್ ಈ ಪ್ರಶ್ನೆಯ ಮೇಲೆ ನಿಂತಿದೆ. ರಿವೈಂಡ್ ಬಟನ್ ಇದ್ದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನು ನೆರಳು. ನಾನು ಈ ಗೇಮ್‌ಗೆ ಮತ್ತೆ ಮತ್ತೆ ಮರಳುವುದು ಇವನಿಗಾಗಿ. ಮೆಕ್ನರ್‌ಗೆ ಎದುರಾಳಿ ಬೇಕಿತ್ತು, ಆದರೆ ಆಪಲ್ 2ರ ಮೆಮೊರಿಯಲ್ಲಿ ಇನ್ನೊಬ್ಬ ಮನುಷ್ಯನ ಚಿತ್ರಗಳಿಗೆ ಜಾಗ ಇರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿ ಅದರ ಮೇಲೇ ಕೂರಿಸಿ, ಎರಡೂ ಸೇರಿದ ಚುಕ್ಕೆಗಳನ್ನು ಅಳಿಸಿದಾಗ ಮಿನುಗುವ ಒಂದು ಆಕೃತಿ ಸಿಕ್ಕಿತು. ಹೊಸ ಚಿತ್ರ ಒಂದೂ ಬೇಕಾಗಲಿಲ್ಲ. ನಾಲ್ಕನೇ ಲೆವೆಲ್‌ನಲ್ಲಿ ಕನ್ನಡಿಯೊಳಗೆ ಓಡಿ ಜಿಗಿದಾಗ ಆಚೆ ಕಡೆಯಿಂದ ಅವನು ಹೊರಬರುತ್ತಾನೆ. ಐದರಲ್ಲಿ ನಮ್ಮ ಔಷಧಿ ಕುಡಿದು ಹೋಗುತ್ತಾನೆ. ಆರರಲ್ಲಿ ಗೇಟ್ ಮುಚ್ಚಿ ನಮ್ಮನ್ನು ಕೆಳಗೆ ಬೀಳಿಸುತ್ತಾನೆ. ಹನ್ನೆರಡರಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ. ಹೊಡೆದರೆ ನಮ್ಮ ಜೀವವೂ ಅಷ್ಟೇ ಕಡಿಮೆಯಾಗುತ್ತದೆ, ಕೊಂದರೆ ನಾವೂ ಸಾಯುತ್ತೇವೆ. ಕತ್ತಿಯನ್ನು ಒರೆಗೆ ಸೇರಿಸಿ ಅವನ ಕಡೆ ನಡೆದರೆ ಇಬ್ಬರೂ ಒಂದಾಗುತ್ತಾರೆ. ಆಮೇಲೆ ನೆಲವೇ ಇಲ್ಲದ ಜಾಗದಲ್ಲಿ ಓಡಿದರೆ ಕಾಲ ಕೆಳಗೆ ಕಲ್ಲು ಹುಟ್ಟುತ್ತಾ ಹೋಗುತ್ತವೆ!

ಉಳಿದಿರುವುದು ನಾಲ್ಕು ನಿಮಿಷ ಅಂತ ಗೊತ್ತಿದ್ದು, ಎದುರಿಗೆ ನಮ್ಮದೇ ಆಕೃತಿ ನಿಂತಿರುವಾಗ ಕತ್ತಿ ಇಳಿಸುವುದಕ್ಕೆ ಧೈರ್ಯ ಬೇಕು. ಸೇವ್ ಸ್ಟೇಟ್ ಇದ್ದರೆ ಹೊಡೆದು ನೋಡುತ್ತೀರಿ, ವಾಪಸ್, ಓಡಿ ನೋಡುತ್ತೀರಿ, ವಾಪಸ್, ಹೀಗೆ ಯಾವುದೋ ಒಂದು ಸಲ ಸರಿಯಾಗುತ್ತದೆ. ಉತ್ತರ ಸಿಕ್ಕಿತು, ಆದರೆ ಯೋಚನೆ ಮಾಡಿದ್ದೆಲ್ಲಿ?

ಹಾಗಂತ ಹಳೆಯ ಗೇಮ್‌ಗಳ ಎಲ್ಲ ಕಷ್ಟವೂ ಪವಿತ್ರ ಅಂತ ನಾನು ಹೇಳುವುದಿಲ್ಲ. ನಾಣ್ಯ ಹಾಕಿ ಆಡುವ ಆರ್ಕೇಡ್ ಮೆಷಿನ್‌ಗಳಲ್ಲಿ ಬೇಗ ಸಾಯಿಸುತ್ತಿದ್ದದ್ದು ನೀವು ಇನ್ನೊಂದು ನಾಣ್ಯ ಹಾಕಲಿ ಅಂತ. ಅಂಥ ಕಡೆ ಸಹಾಯ ತೆಗೆದುಕೊಳ್ಳಿ, ನನ್ನದೇನೂ ತಕರಾರಿಲ್ಲ. ಕಾಂಟ್ರಾ ಅನ್ನುವ ಶೂಟಿಂಗ್ ಗೇಮ್‌ನಲ್ಲಿ 30 ಜೀವ ಕೊಡುವ ಗುಟ್ಟಿನ ಕೋಡ್ ನಿಮಗೆ ಗೊತ್ತಲ್ಲ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಗೇಮ್ ಕಂಪನಿ ಕೊನಾಮಿಯ ಕಜುಹಿಸಾ ಹಶಿಮೊಟೊ 1986ರ ಗ್ರೇಡಿಯಸ್ ಗೇಮ್‌ನಲ್ಲಿ ತಮ್ಮದೇ ಪರೀಕ್ಷೆಗೆ ಇಟ್ಟುಕೊಂಡಿದ್ದ ಕೋಡ್ ಅದು, ಆ ಗೇಮ್ ಅವರಿಗೇ ಕಷ್ಟವಾಗಿತ್ತು. ಅಣ್ಣ ತಮ್ಮ ಸೇರಿ ಕಾಂಟ್ರಾ ಆಡುವಾಗ 30 ಜೀವ ಇದ್ದರೇ ಚೆನ್ನ. ಅದು ಮಾಡಿದವರೇ ಇಟ್ಟ ಬಾಗಿಲು. ಕೈ ಬೆರಳುಗಳ ತೊಂದರೆ ಇರುವವರಿಗಂತೂ ನನ್ನ ಈ ನಿಯಮ ಅನ್ವಯಿಸುವುದೇ ಇಲ್ಲ, ಹೇಗೆ ಆಗುತ್ತದೋ ಹಾಗೆ ಆಡಿ.

ರಿವೈಂಡ್‌ನ ಮೇಲೂ ನನಗೆ ದ್ವೇಷ ಇಲ್ಲ. ಇದೇ ಸರಣಿಯಲ್ಲಿ 2003ರಲ್ಲಿ ಬಂದ ದಿ ಸ್ಯಾಂಡ್ಸ್ ಆಫ್ ಟೈಮ್‌ನಲ್ಲಿ ಸಮಯವನ್ನು ಹಿಂದಕ್ಕೆ ತಿರುಗಿಸಬಹುದು, ಮೆಕ್ನರ್ ಅದರಲ್ಲೂ ಕೆಲಸ ಮಾಡಿದ್ದರು. ಅಲ್ಲಿ ಸಮಯ ತಿರುಗಿಸಲು ಮರಳು ಖರ್ಚಾಗುತ್ತದೆ, ಅದು ಖಾಲಿಯಾದರೆ ರಿವೈಂಡ್ ಇಲ್ಲ, ಹಾಗಾಗಿ ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದೇ ಆಟ. ಹಳೆಯ ಪ್ರಿನ್ಸ್ ಅನ್ನು ಅಭಿಮಾನಿಗಳು ಈಗಿನ ಕಂಪ್ಯೂಟರ್‌ಗೆ ಮರುಕಟ್ಟಿದ್ದಾರೆ, ಎಸ್‌ಡಿಎಲ್‌ಪಾಪ್ ಅಂತ. ಅದರಲ್ಲಿ ಆಟದ ನಡುವೆಯೇ ಸೇವ್ ಮಾಡುವ ಕ್ವಿಕ್‌ಸೇವ್ ಇದೆ. ಜೊತೆಗೆ, ಕ್ವಿಕ್‌ಸೇವ್‌ನಿಂದ ವಾಪಸ್ ಬಂದರೆ ಒಂದು ನಿಮಿಷದವರೆಗೆ ಸಮಯ ಕಡಿತ ಮಾಡುವ ಒಂದು ಸೆಟ್ಟಿಂಗ್ ಕೂಡ ಇದೆ. ಗಡಿಯಾರದ ಮರ್ಯಾದೆ ಗೊತ್ತಿರುವವರು ಮಾಡಿದ ಕೆಲಸ ಅದು.

ಎಮ್ಯುಲೇಟರ್ ಬೇಡ ಅಂತ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅದಿಲ್ಲದೆ ಈ ಗೇಮ್‌ಗಳೇ ಇರುವುದಿಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೇ ಇಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿ ತನ್ನ ಹಳೆಯ ಗೇಮ್ ಯಂತ್ರಗಳಾದ 3ಡಿಎಸ್ ಮತ್ತು ವೀ ಯು ಆನ್‌ಲೈನ್ ಅಂಗಡಿಗಳನ್ನು ಮುಚ್ಚಿತು. ಪ್ರಿನ್ಸ್‌ನ ಮೂಲ ಕೋಡ್, ಅಂದರೆ ಅದರ ಮೂಲ ಪ್ರೋಗ್ರಾಮ್ ಕೂಡ ಕಳೆದೇ ಹೋಗಿದೆ ಅಂದುಕೊಂಡಿದ್ದರು. ಮೆಕ್ನರ್ ಅವರ ತಂದೆ ಕಳಿಸಿದ ಒಂದು ಹಳೆಯ ಪೆಟ್ಟಿಗೆಯಲ್ಲಿ ಆ ಫ್ಲಾಪಿಗಳು ಸಿಕ್ಕವು, 2012ರಲ್ಲಿ ಅವರು ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ಆ ತಂದೆಯೇ ಈ ಗೇಮ್‌ಗೆ ಸಂಗೀತ ಮಾಡಿದವರು ಕೂಡ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಡಾಸ್ ಗೇಮ್‌ಗಳು ಬ್ರೌಸರ್‌ನಲ್ಲೇ ಓಡುತ್ತವೆ, ಏನೂ ಇನ್‌ಸ್ಟಾಲ್ ಮಾಡುವುದು ಬೇಡ. ಪ್ರಿನ್ಸ್ ಆಡುವುದಾದರೆ ಮೊದಲ ವಾರ ಗೆಲ್ಲುವ ಯೋಚನೆಯನ್ನೇ ಬಿಡಿ, ಮೊದಲ ಮೂರು ಲೆವೆಲ್‌ನ ದಾರಿ ಕಲಿಯಿರಿ. ಕೀಬೋರ್ಡ್‌ನಲ್ಲೇ ಆಡಿ, ಶಿಫ್ಟ್ ಮೇಲೆ ಬೆರಳಿಟ್ಟುಕೊಂಡೇ ಇರಿ. ಕಾವಲುಗಾರ ಎದುರಾದರೆ ಮೊದಲು ಅವನ ಏಟನ್ನು ತಡೆಯಿರಿ, ಆಮೇಲೆ ಹೊಡೆಯಿರಿ. ಇಲ್ಲೇ ಹಿಂದುಗಡೆ ಒಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿಟ್ಟಿದ್ದೇನೆ, ಕ್ವಿಕ್‌ಸೇವ್ ಆಫ್ ಮಾಡಿದ್ದೇನೆ. ಪ್ರಶ್ನೆಗಳಿದ್ದರೆ ಈಗ ಕೇಳಿ, ಇಲ್ಲದಿದ್ದರೆ ನೇರ ಅಲ್ಲಿಗೇ ಹೋಗಿ ಕೂತುಕೊಳ್ಳಿ.